ಹೆರಳು ಅಂತ ಬರೆದ್ರೆ ತಪ್ಪಾ?

ಜಮಖಂಡಿಯ ತಾಯಿ:
ನಮ್ಮ ಮಗಳು ನಾಲ್ಕನೇ ಕ್ಲಾಸು. ಮನೆಪಾಠದಲ್ಲಿ "ಅವ್ವ ನನಗೆ ಎರಡು ಹೆರಳು ಹಾಕುತ್ತಾಳೆ" ಅಂತ ಬರೆದಿದ್ದಳು. ಶಾಲೆಯಲ್ಲಿ ಹೆರಳಿಗೆ ಕೆಂಪು ಗೆರೆ ಎಳೆದು "ಜಡೆ" ಅಂತ ತಿದ್ದಿದ್ದಾರೆ. ನಮ್ಮ ಮನೆಯಲ್ಲಿ ಯಾರೂ ಜಡೆ ಅನ್ನುವುದಿಲ್ಲ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಳೆ. ಹೆರಳು ಸುಮ್ನೆ ಆಡುಮಾತಾ? ಬಲ್ಲವರು ಹೇಳಿ.

ನಿವೃತ್ತ ಕನ್ನಡ ಶಿಕ್ಷಕಿ, ಬಾಗಲಕೋಟೆ:
ತಂಗಿ, ಮಗಳು ಬರೆದದ್ದು ಅಚ್ಚಗನ್ನಡ. ಬುಟ್ಟಿ ಹೆಣೆಯುತ್ತೇವಲ್ಲ, ಆ "ಹೆಣೆ"ಯ ಬಳಗದ ಮಾತು ಇದು. ಹಳಗನ್ನಡದಲ್ಲಿ ಪೆಣೆ. ಪಾಲು ಹಾಲಾದ ಹಾಗೆ ಪೆಣೆ ಹೆಣೆ ಆಯಿತು. ಹೆಣಲು, ಹೆಳಲು, ಹೆರಳು ಎಲ್ಲ ಒಂದೇ. ತಮಿಳರ ಪಿನ್ನಲ್ ಕೂಡ ಇದರ ನಂಟೇ. ಜಡೆ ಬಂದದ್ದು ಸಂಸ್ಕೃತದ ಜಟೆಯಿಂದ. ಅದೂ ಈಗ ನಮ್ಮದೇ, ತಪ್ಪಲ್ಲ.

ಆದರೆ ನಮ್ಮ ಕಡೆ ಹಿರಿಯರು ಹೆರಳಿಗೆ ಜಡೆ ಅನ್ನದಿರುವುದಕ್ಕೆ ಇನ್ನೊಂದು ಕಾರಣ ಇದೆ ಅಂತ ನನಗನಿಸುತ್ತದೆ. ಇಲ್ಲಿ ಜಡಿ ಅಂದ್ರೆ ಸಿಕ್ಕುಗಟ್ಟಿ ಬಿಡಿಸಲಾಗದ ಕೂದಲು. ಹುಡುಗಿಗೆ ಜಡಿ ಬಂದರೆ ಸವದತ್ತಿ ಯಲ್ಲಮ್ಮ ಕರೆದಳು ಅನ್ನುತ್ತಿದ್ದರು. ಅಲ್ಲಿಂದ ಮುಂದೆ ಮುತ್ತು ಕಟ್ಟುವ, ಅಂದ್ರೆ ದೇವದಾಸಿ ಬಿಡುವ ಮಾತು. ಎಷ್ಟೋ ಮಕ್ಕಳ ಬಾಳು ಹಾಗೆ ಹೋಯಿತು. 1982ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ದೇವದಾಸಿ ಬಿಡುವುದನ್ನು ನಿಷೇಧಿಸಿತು. ತೊಳೆಯದೆ, ಹಿಕ್ಕದೆ ಬಿಟ್ಟ ಕೂದಲು ಸಿಕ್ಕುಗಟ್ಟುತ್ತದೆ, ಅಷ್ಟೇ. ನಾನು ಹುಡುಗಿಯರ ಕ್ಲಾಸಿನಲ್ಲಿ ಇದನ್ನು ಬಿಡದೆ ಹೇಳುತ್ತಿದ್ದೆ. ಹೆರಳು ಅಂದರೆ ದಿನಾ ಎಣ್ಣೆ ಹಚ್ಚಿ, ಹಣಿಗಿ (ಬಾಚಣಿಗೆ) ಆಡಿಸಿ, ಮೂರು ಕಾಲು ಮಾಡಿ ಹೆಣೆದ ಕೂದಲು. ಎರಡಕ್ಕೂ ಒಂದೇ ಹೆಸರು ಹೇಗೆ ಒಪ್ಪಲಿ? ಟೀಚರಿಗೆ ಜಗಳವಿಲ್ಲದೆ ತಿಳಿಸಿ. ಬೇರೆ ಸೀಮೆಯವರಿದ್ದರೆ ಈ ಮಾತು ಕೇಳಿರಲಿಕ್ಕಿಲ್ಲ.

ವಿಜಯಪುರದ ಓದುಗ:
ತುರುಬಿನ ಕಥೆಯೂ ಇದೇ ತರಹ ಅಲ್ವಾ ಅಕ್ಕಾರ? ಹೂ ಸಿಕ್ಕಿಸುವುದಕ್ಕೆ ಹಳಗನ್ನಡದಲ್ಲಿ "ತುಱುಂಬು" ಅಂತಿದ್ದರು.

ಬೆಳಗಾವಿಯಿಂದ:
ನಮ್ಮ ಓಣಿಯ ಮರಾಠಿ ಮನೆಗಳಲ್ಲಿ ಹೆರಳಿಗೆ ವೇಣಿ, ತುರುಬಿಗೆ ಅಂಬಾಡಾ. ಕೂದಲು ಕಡಿಮೆ ಇದ್ದವರು ಸೇರಿಸಿಕೊಳ್ಳುವುದಕ್ಕೆ ನಾವು ಚೌರಿ ಅನ್ನುತ್ತೇವೆ. ಅದು ಚಮರೀಮೃಗದ ಬಾಲದಿಂದ ಮಾಡುವ ಚಾಮರದ ಬಳಗದ ಮಾತು. ನಮ್ಮಜ್ಜಿ ಹಣಿಗಿಗೆ ಬಂದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಇಡುತ್ತಿದ್ದರು. ಕೂದಲು ಕೊಳ್ಳುವವರು ಓಣಿಗೆ ಬಂದಾಗ ಅದನ್ನು ಕೊಟ್ಟು ಪಿನ್ನು, ಸೂಜಿ ತಗೊಳ್ಳುತ್ತಿದ್ದರು.