ಪದಚರ್ಚೆ: ನಾಯಿಗೂ ನಮಗೂ ಬರುವ ಹುಳುವಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾಫಿ ತೋಟದ ಲೈನ್ ಮನೆಗಳಲ್ಲಿ ಹಂಚಲು ಹೊಟ್ಟೆಹುಳುವಿನ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತಿದೆ.

ಹುಳುಗಳ ಹೆಸರಿಗೇನೂ ಬರವಿಲ್ಲ. ಕೊಕ್ಕೆಹುಳು, ದುಂಡುಹುಳು, ಲಾಡಿಹುಳು. ಲಾಡಿಹುಳು ಅಂದರೆ ಸಾಕು, ಚಡ್ಡಿಯ ಲಾಡಿ ಕಣ್ಣಮುಂದೆ ಬರುತ್ತದೆ. ಸಂಸ್ಕೃತದಲ್ಲಿ 'ಜಂತು' ಎಂದರೆ ಯಾವ ಜೀವಿಯೂ ಆಗಬಹುದು, ನಮ್ಮ ಮನೆಗಳಲ್ಲಿ ಮಾತ್ರ ಅದು ಹೊಟ್ಟೆಯೊಳಗಿನ ಹುಳು. 1ರಿಂದ 19 ವರ್ಷದವರಿಗೆ ಕೊಡುವ ಆಲ್ಬೆಂಡಜೋಲ್ ಕೂಡ ಮಕ್ಕಳ ಬಾಯಲ್ಲಿ 'ಜಂತಿನ ಮಾತ್ರೆ'.

ತೊಡಕಿರುವುದು ಪ್ರಾಣಿಗಳಿಗೂ ಮನುಷ್ಯರಿಗೂ ಬರುವ ಹುಳುವಿಗೆ ಪುಸ್ತಕದಲ್ಲಿ ಬಳಸುವ 'ಪ್ರಾಣಿಜನ್ಯ' (ಪ್ರಾಣಿಯಿಂದ ಹುಟ್ಟಿದ) ಎಂಬ ಪದದಲ್ಲಿ. ಕೇಳಿದವರಿಗೆ ತಪ್ಪೆಲ್ಲ ನಾಯಿಯದೇ ಅನಿಸುತ್ತದೆ. ನಿಜ ಹಾಗಿಲ್ಲ. ಅಸ್ಸಾಂನ ಚಹಾ ತೋಟಗಳಲ್ಲಿ ನಾಯಿಗಳ ಮಲ ಪರೀಕ್ಷಿಸಿದಾಗ ಮನುಷ್ಯರ ದುಂಡುಹುಳುವಿನ ಮೊಟ್ಟೆಗಳೂ ಸಿಕ್ಕಿದ್ದವು. ಕಕ್ಕಸು ಇಲ್ಲದ ಕಡೆ ಜನ ಬಯಲಿಗೆ ಹೋಗುತ್ತಾರೆ. ನಾಯಿ ಅದನ್ನು ತಿನ್ನುತ್ತದೆ. ಮೊಟ್ಟೆ ಅದರ ಹೊಟ್ಟೆ ದಾಟಿ ಅಂಗಳಕ್ಕೆ ಬಂದು ಬೀಳುತ್ತದೆ. ನಮ್ಮದೇ ಹುಳು, ನಾಯಿ ಹೊತ್ತು ತಂದದ್ದು ಅಷ್ಟೇ. ಇನ್ನು, 1911ರಲ್ಲಿ ಸಿಲೋನಿನ ಪುನುಗುಬೆಕ್ಕಿನಲ್ಲಿ ಗುರುತಿಸಿದ ಒಂದು ಕೊಕ್ಕೆಹುಳು ಇದೆ. ಅದು ನಾಯಿ, ಬೆಕ್ಕು, ಮನುಷ್ಯ ಎಲ್ಲರ ಕರುಳಲ್ಲೂ ಬೆಳೆಯುತ್ತದೆ. ಮಕ್ಕಳಿಗೆ ಮಾತ್ರೆ ಕೊಟ್ಟು ನಾಯಿಯನ್ನು ಸುಮ್ನೆ ಬಿಟ್ಟರೆ, ಅದೇ ಅಂಗಳದ ಮಣ್ಣಿನಿಂದ ಮರಿಹುಳು ಮತ್ತೆ ಬರಿಗಾಲಿಗೆ ಹತ್ತುತ್ತದೆ.

'ನಾಯಿಹುಳು' ಅಂತ ಬರೆದು ಒಬ್ಬ ಅಜ್ಜಿಗೆ ಓದಿ ಹೇಳಿದೆ. "ಅದು ನಾಯಿಗಲ್ವಾ, ನಮಗ್ಯಾಕೆ?" ಅಂದರು. 'ಹಂಚುಹುಳು' ಅಂದರೆ ಮಾಡಿನ ಹಂಚು ನೆನಪಾಗುತ್ತದೆ. ಕೂಡುಕುಟುಂಬದ ಹಾಗೆ 'ಕೂಡುಹುಳು' ಅಂದರೆ ಹೇಗೆ? ಒಂದೇ ಅಂಗಳದಲ್ಲಿ ಬಾಳುವವರೆಲ್ಲರ ಹುಳು ಎಂಬ ಅರ್ಥ ಬರಬೇಕು. ನನಗೆ ಇದೇ ಹಿಡಿಸಿದೆ, ಆದರೆ ಕಿವಿಗೆ ಹೊಸದು.

ಇನ್ನೊಂದು ಪ್ರಶ್ನೆ. ಕಾಫಿ ಕುಯ್ಯುವ ಹೆಂಗಸೊಬ್ಬರು ಪಾದ ತೋರಿಸಿದರು. ಹೆಬ್ಬೆರಳ ಬುಡದಿಂದ ಕೆಂಪು ದಾರದಂಥ ಗೆರೆ, ಅಂಕುಡೊಂಕು, ಮುಟ್ಟಿದರೆ ಸ್ವಲ್ಪ ಉಬ್ಬು. ದಿನಾ ಇಷ್ಟಿಷ್ಟೇ ಮುಂದಕ್ಕೆ ಹೋಗುತ್ತದಂತೆ, ರಾತ್ರಿ ತುರಿಕೆ ಜಾಸ್ತಿ. ಮೇಲೆ ಹೇಳಿದ್ದಲ್ಲದೆ ನಾಯಿಗೆ ಬರುವ ಬೇರೆ ಜಾತಿಯ ಕೊಕ್ಕೆಹುಳುವಿನ ಮರಿ ಮನುಷ್ಯರ ಚರ್ಮ ಹೊಕ್ಕರೆ ಹೀಗಾಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಇನ್ನೂ ಒಳಕ್ಕೆ ಇಳಿಯಲು ಆಗುವುದಿಲ್ಲ, ಚರ್ಮದಡಿಯಲ್ಲೇ ಅಲೆಯುತ್ತದೆ. "ಒಳಗೆ ಏನೋ ಹರೀತಿದೆ" ಅಂದರು ಅವರು. ಹಾವು ಹರಿಯಿತು ಅನ್ನುತ್ತೇವಲ್ಲ, ಅದೇ ಹರಿ. ಅದರಿಂದ 'ಹರಿಗೆರೆ' ಅಂತ ಮಾಡಬಹುದು. ಆದರೆ ನಿಮ್ಮ ಕಡೆ ಹಿರಿಯರು ಇದಕ್ಕೆ ಮೊದಲೇ ಒಂದು ಹೆಸರಿಟ್ಟಿದ್ದರೆ ನನಗೆ ಅದೇ ಬೇಕು. ಗೊತ್ತಿದ್ದವರು ಯಾವ ಊರಿನ ಮಾತು ಅಂತಲೂ ದಯವಿಟ್ಟು ತಿಳಿಸಿ.