ಹಾರ್ಡ್ ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ? ನಂಬುವಂಥ ಲೆಕ್ಕ ಎಲ್ಲಿ ಸಿಗುತ್ತದೆ?

ತಾಳಮದ್ದಳೆಪ್ರಿಯ:

ನಮ್ಮ ಮನೆ ಕುಂದಾಪುರದ ಹತ್ತಿರ. ಅಪ್ಪ ಎಂಬತ್ತರ ದಶಕದಿಂದ ರೆಕಾರ್ಡ್ ಮಾಡಿದ ತಾಳಮದ್ದಳೆ ಕ್ಯಾಸೆಟ್‌ಗಳು 340 ಇವೆ. ಮೂರು ಮಳೆಗಾಲ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದೆ. ಕೆಲವು ಟೇಪು ಇಳಿಸುವಾಗಲೇ ತುಂಡಾದವು. ಅವು ಈಗ ಡಿಸ್ಕಿನಲ್ಲಿ ಮಾತ್ರ ಉಳಿದಿವೆ.

ಎರಡು ಡಿಸ್ಕಿನಲ್ಲಿ ಇಟ್ಟಿದ್ದೆ. ಹೋದ ತಿಂಗಳು ಒಂದು ಟಕ್ ಟಕ್ ಅಂತ ಸದ್ದು ಮಾಡಿ ನಿಂತೇಹೋಯಿತು. ಕೊಂಡು ಬರೀ ಎರಡೂವರೆ ವರ್ಷ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹೊಸದು ಕೊಳ್ಳಬೇಕು. ಒಬ್ಬೊಬ್ಬ ಅಂಗಡಿಯವರು ಒಂದೊಂದು ಕಂಪನಿ ಹೇಳುತ್ತಾರೆ. ಆನ್‌ಲೈನಿನಲ್ಲಿ ಐದು ಸ್ಟಾರ್ ಕೊಟ್ಟವರಲ್ಲಿ ಎಷ್ಟೋ ಜನ ಬಾಕ್ಸ್ ಬಿಚ್ಚಿದ ದಿನವೇ ಕೊಟ್ಟಿದ್ದಾರೆ. ಒಂದು ಡಿಸ್ಕಿನ ವಿವರದಲ್ಲಿ ಎಂಟಿಬಿಎಫ್ (ಒಂದು ಸಲ ಕೆಡುವುದಕ್ಕೂ ಇನ್ನೊಂದು ಸಲ ಕೆಡುವುದಕ್ಕೂ ನಡುವಿನ ಸರಾಸರಿ ಸಮಯ) 10 ಲಕ್ಷ ಗಂಟೆ ಎಂದಿದೆ. ಲೆಕ್ಕ ಹಾಕಿದರೆ 114 ವರ್ಷ ಆಗುತ್ತದೆ. ಇದನ್ನು ನಂಬುವುದು ಹೇಗೆ? ಯಾರಾದರೂ ಸಾವಿರಾರು ಡಿಸ್ಕ್ ಓಡಿಸಿ ನೋಡಿ ಬರೆದಿಟ್ಟ ಲೆಕ್ಕ ಇದೆಯಾ?

ಸರ್ವರ್‌ಕೋಣೆ:

ಇದೆ. ನಾನು 14 ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಡಿಸ್ಕ್ ತರಿಸುವ ಮುಂಚೆ ನಾನು ತೆರೆಯುವುದು ಬ್ಯಾಕ್‌ಬ್ಲೇಜ್‌ನ ಲೆಕ್ಕ. ಅದು ಕ್ಯಾಲಿಫೋರ್ನಿಯಾದ ಆನ್‌ಲೈನ್ ಬ್ಯಾಕಪ್ ಕಂಪನಿ. ತಮ್ಮಲ್ಲಿ ಓಡುವ ಡಿಸ್ಕ್‌ಗಳ ಲೆಕ್ಕವನ್ನು 2013ರಿಂದ ದಿನದಿನವೂ ಇಟ್ಟಿದ್ದಾರೆ. ಈಗ ಡಿಸ್ಕ್‌ಗಳ ಸಂಖ್ಯೆ 3 ಲಕ್ಷ ದಾಟಿದೆ. ಮೂರು ತಿಂಗಳಿಗೊಮ್ಮೆ ವರದಿ ಬರುತ್ತದೆ. ಅದಕ್ಕಿಂತ ಮುಖ್ಯ, ಮೂಲ ಸಿಎಸ್‌ವಿ ಫೈಲುಗಳನ್ನೇ, ಅಂದರೆ ಅಂಕಿಗಳ ಪಟ್ಟಿಗಳನ್ನೇ, ಎಲ್ಲರಿಗೂ ಬಿಟ್ಟಿದ್ದಾರೆ. ಅನುಮಾನ ಇದ್ದವರು ತಾವೇ ಕೂಡಿ ಕಳೆದು ನೋಡಬಹುದು. ನಾನು ನಂಬುವುದು ಅದಕ್ಕೇ.

ಅಲ್ಲಿ 2023ರಲ್ಲಿ ಎಲ್ಲ ಡಿಸ್ಕ್ ಸೇರಿ ವರ್ಷದ ಸೋಲಿನ ಪ್ರಮಾಣ, ಅಂದರೆ ಕೆಟ್ಟುಹೋಗುವ ಪ್ರಮಾಣ, ಶೇ 1.40, 2024ರಲ್ಲಿ ಶೇ 1.57. ಆದರೆ ಈ ಸರಾಸರಿ ನೋಡಿ ಸುಮ್ನಾಗಬೇಡಿ, ಮಾದರಿ ನಂಬರ್ ನೋಡಿ. ಸೀಗೇಟ್‌ನ ಒಂದು 3 ಟಿಬಿ ಮಾದರಿ ಅವರಲ್ಲಿ ರಾಶಿ ರಾಶಿ ಹೋಯಿತು. ಅದೇ ಕಂಪನಿಯ 4 ಟಿಬಿ ಮಾದರಿ ಎಷ್ಟೋ ಚೆನ್ನಾಗಿ ನಡೆಯಿತು. ಆ 3 ಟಿಬಿಗಳಲ್ಲಿ ಬಹಳಷ್ಟು 2011ರ ಥಾಯ್ಲೆಂಡ್ ಪ್ರವಾಹದ ನಂತರ ಡಿಸ್ಕ್ ಸಿಗದೆ, ಅಂಗಡಿಯಿಂದ ಎಕ್ಸ್‌ಟರ್ನಲ್ ಡಿಸ್ಕ್ ತಂದು, ಬಿಚ್ಚಿ ಒಳಗಿನದನ್ನು ಹಾಕಿದ್ದು. ‘ಆ ಕಂಪನಿ ಕೆಟ್ಟದ್ದು’ ಎಂಬ ಮಾತು ಅಲ್ಲಿಂದ ಇನ್ನೂ ಓಡಾಡುತ್ತಿದೆ.

ಆ ವರದಿಯಲ್ಲಿ ನೋಡಬೇಕಾದ ಇನ್ನೊಂದು ಅಂಕಣ ‘ಡ್ರೈವ್ ಡೇಸ್’, ಎಲ್ಲ ಡಿಸ್ಕ್ ಸೇರಿ ಓಡಿದ ಒಟ್ಟು ದಿನ. 50 ಡಿಸ್ಕ್ ಒಂದು ತಿಂಗಳು ಓಡಿ ಒಂದು ಹೋಯಿತು ಅಂದುಕೊಳ್ಳಿ. 1,500 ಡ್ರೈವ್ ದಿನಕ್ಕೆ ಒಂದು ಸೋಲು. ವರ್ಷಕ್ಕೆ ಹಿಗ್ಗಿಸಿದರೆ ಶೇ 24 ಆಗುತ್ತದೆ! ನಿಜವಾಗಿ ಹೋಗಿದ್ದು ಒಂದೇ ಡಿಸ್ಕ್, ಅಲ್ವಾ? ದಿನಗಳ ಸಂಖ್ಯೆ ಲಕ್ಷಗಟ್ಟಲೆ ಇಲ್ಲದ ಸಾಲನ್ನು ನಾನು ಬಿಟ್ಟುಬಿಡುತ್ತೇನೆ.

ಎಂಟಿಬಿಎಫ್ ಒಂದು ಡಿಸ್ಕಿನ ಆಯಸ್ಸಲ್ಲ. 10 ಲಕ್ಷ ಗಂಟೆ ಅಂದರೆ, ನೂರು ಡಿಸ್ಕ್ ವರ್ಷವಿಡೀ ಓಡಿದರೆ ಒಂದಕ್ಕಿಂತ ಕಡಿಮೆ ಹೋಗುತ್ತದೆ, ಶೇ 0.88 ಅಂತ. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸುಮಾರು 1 ಲಕ್ಷ ಡಿಸ್ಕ್‌ಗಳ ದಾಖಲೆ ನೋಡಿದಾಗ, ವರ್ಷಕ್ಕೆ ಶೇ 2ರಿಂದ 4ರಷ್ಟು ಬದಲಾಯಿಸಿದ್ದು ಮಾಮೂಲಾಗಿತ್ತು. ಕೆಲವು ಕಡೆ ಶೇ 13.

ತಾಳಮದ್ದಳೆಪ್ರಿಯ:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ನಮ್ಮಲ್ಲಿ ಸೆಕೆ ಜಾಸ್ತಿ, ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಡೇಟಾ ಸೆಂಟರಿನ ಲೆಕ್ಕ ನಮ್ಮ ಮನೆಗೆ ಹೊಂದುತ್ತದಾ?

ಡೇಟಾ ರಿಪೇರಿ, ಹುಬ್ಬಳ್ಳಿ:

ಪೂರ್ತಿ ಹೊಂದುವುದಿಲ್ಲ. ಅಲ್ಲಿಯ ಡಿಸ್ಕ್ ಹಗಲೂ ರಾತ್ರಿ ಒಂದೇ ಜಾಗದಲ್ಲಿ ಓಡುತ್ತದೆ. ನನ್ನ ಟೇಬಲ್ಲಿಗೆ ಬರುವ ಎಕ್ಸ್‌ಟರ್ನಲ್‌ಗಳಲ್ಲಿ ಕೈಜಾರಿ ಬಿದ್ದವೇ ಜಾಸ್ತಿ. ಆಮೇಲೆ ಓಡುವಾಗಲೇ ಕರೆಂಟ್ ಹೋದವು. ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಸೆಕೆ ಬಗ್ಗೆ ಅಷ್ಟು ಹೆದರಬೇಡಿ. ಗೂಗಲ್ 2007ರಲ್ಲಿ 1 ಲಕ್ಷಕ್ಕೂ ಹೆಚ್ಚು ಡಿಸ್ಕ್ ನೋಡಿ ಹೇಳಿದ್ದು, ಶಾಖ ತೀರಾ ಹೆಚ್ಚಾದಾಗ, ಅದೂ ಹಳೆಯ ಡಿಸ್ಕ್‌ಗಳಲ್ಲಿ ಮಾತ್ರ ತೊಂದರೆ ಕಾಣುತ್ತದೆ ಅಂತ.

ಈಗ ಉಳಿದಿರುವ ಡಿಸ್ಕಿನ ಸ್ಥಿತಿ ನೋಡಿದ್ದೀರಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ‘ಸ್ಮಾರ್ಟ್’ ಪಟ್ಟಿಯಲ್ಲಿ 5, 187, 197, 198 ಈ ನಾಲ್ಕು ಸಾಲು ನೋಡಿ, ಕೆಟ್ಟ ಅಥವಾ ಓದಲಾಗದ ಜಾಗಗಳ ಲೆಕ್ಕ ಅವು. ಅಂಕಿ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) ಇರುತ್ತದೆ, ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಾಯಿಸಿಕೊಳ್ಳಿ. ಎಲ್ಲ ಸೊನ್ನೆ ಇದ್ದರೂ ಗ್ಯಾರಂಟಿ ಇಲ್ಲ. ಗೂಗಲ್ ನೋಡಿದ ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅವರು ಮುಖ್ಯ ಅಂತ ಗುರುತಿಸಿದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಹೋದವು. ಆದರೆ ಸೊನ್ನೆ ಇಲ್ಲದಿದ್ದರೆ ಕಾಯಬೇಡಿ.

ತಾಳಮದ್ದಳೆಪ್ರಿಯ:

ನೋಡಿದೆ. 5 ಸೊನ್ನೆ. 197ರಲ್ಲಿ 8 ಇದೆ. ಪೂರ್ತಿ ಸ್ಕ್ಯಾನ್ ಮಾಡಿ ನೋಡಲಾ?

ಸರ್ವರ್‌ಕೋಣೆ:

ಬೇಡ, ಬೇಡ. ಓದಲು ಆಗದ 8 ಸೆಕ್ಟರ್ (ಡಿಸ್ಕಿನ ಚಿಕ್ಕ ಚಿಕ್ಕ ತುಣುಕು) ಅಂದರೆ ಅದು. ಸ್ಕ್ಯಾನ್ ಮಾಡಿದರೆ ಡಿಸ್ಕಿನ ಓದುವ ತಲೆ ಇಡೀ ತಟ್ಟೆಯ ಮೇಲೆ ಗಂಟೆಗಟ್ಟಲೆ ಓಡಾಡುತ್ತದೆ. ಆ ಶಕ್ತಿ ಕಾಪಿಗೆ ಬೇಕು. ಇವತ್ತೇ ಯಾವುದಾದರೂ ಡಿಸ್ಕ್ ತನ್ನಿ, ಮಾದರಿ ಆಮೇಲೆ ಹುಡುಕೋಣ. ಟೇಪು ತುಂಡಾದವನ್ನು ಮೊದಲು ತೆಗೆಯಿರಿ. ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ.

ತಾಳಮದ್ದಳೆಪ್ರಿಯ:

ಪಕ್ಕದ ಮನೆಯವರ ಯುಪಿಎಸ್ ತಂದೆ. ತುಂಡಾದ 23 ಕ್ಯಾಸೆಟ್ ಮೊದಲು ಬಂದವು, ಒಂದೊಂದನ್ನೂ ಕೇಳಿ ನೋಡಿದೆ. ಒಂದರಲ್ಲಿ ಮಾತ್ರ ನಡುವೆ ಕತ್ತರಿಸಿದಂತಿದೆ, ಉಳಿದದ್ದೆಲ್ಲ ಸರಿಯಾಗಿದೆ. ಈಗ 212ನೆಯದು ಕಾಪಿ ಆಗುತ್ತಿದೆ. ಅಪ್ಪ ಪಕ್ಕದಲ್ಲೇ ಕೂತಿದ್ದಾರೆ.