ಸಹಾಯ ಬೇಕು: ಫಿಟ್ಸ್ ಔಷಧ ಫಿನೋಬಾರ್ಬಿಟೋನ್ ಕೆ.ಜಿ.ಗೆ 40 ಮಿ.ಗ್ರಾಂ. ಮುಗಿದರೂ ಕೂಸು ತುಟಿ ಚಪ್ಪರಿಸುತ್ತಿದೆ, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ) ಇಲ್ಲ

ಎಲ್ಲರಿಗೂ ನಮಸ್ಕಾರ, ತುರ್ತು. ದಿನ ತುಂಬಿ ಹುಟ್ಟಿದ ಕೂಸು, 3 ಕೆ.ಜಿ. ಹುಟ್ಟಿದ ಕೂಡಲೇ ಅಳಲಿಲ್ಲ, ಮಾಸ್ಕ್ ಹಿಡಿದು ಉಸಿರು ಕೊಡಬೇಕಾಯ್ತು. 14ನೇ ಗಂಟೆಗೆ ಎಡಗೈ, ಎಡಗಾಲು ಒಂದೇ ಲಯದಲ್ಲಿ ಜಗ್ಗೋಕೆ ಶುರು. ಮೆಲ್ಲಗೆ ಹಿಡಿದರೂ ನಿಲ್ಲಲಿಲ್ಲ, ಹಾಗಾಗಿ ಬರೀ ನಡುಕ ಅಲ್ಲ, ಫಿಟ್ಸೇ.

ಶುಗರ್ 38 ಇತ್ತು. 10% ಡೆಕ್ಸ್‌ಟ್ರೋಸ್ 6 ಎಂ.ಎಲ್. ಕೊಟ್ಟು ಡ್ರಿಪ್ ಹಾಕಿದ ಮೇಲೆ 72. ಆದರೂ ಫಿಟ್ಸ್ ನಿಲ್ಲಲಿಲ್ಲ. ಕ್ಯಾಲ್ಸಿಯಂ, ಸೋಡಿಯಂ ಸರಿಯಿದೆ. ಸೋಂಕು ಇದೆಯಾ ನೋಡೋಕೆ ಕಲ್ಚರ್ ಕಳಿಸಿ ಆಂಟಿಬಯಾಟಿಕ್ ಶುರು ಮಾಡಿದ್ದೇವೆ. ಫಿನೋಬಾರ್ಬಿಟೋನ್ ಕೆ.ಜಿ.ಗೆ 20 ಮಿ.ಗ್ರಾಂ., 20 ನಿಮಿಷದಲ್ಲಿ. ಆಮೇಲೆ 10, ಮತ್ತೆ 10.

ಈಗ ಕೈಕಾಲು ಜಗ್ಗೋದು ನಿಂತಿದೆ. ಆದರೆ ಗಂಟೆಗೆ ಎರಡು ಮೂರು ಸಲ ತುಟಿ ಚಪ್ಪರಿಸುತ್ತೆ, ಕಣ್ಣು ಬಲಕ್ಕೇ ನೆಟ್ಟುಬಿಡುತ್ತೆ, ಆಗ ಸ್ಯಾಚುರೇಶನ್ (ರಕ್ತದ ಆಮ್ಲಜನಕ ಮಟ್ಟ) 84%ಗೆ ಇಳಿಯುತ್ತೆ. ಫಿನೋಬಾರ್ಬಿಟೋನ್ ಆದ ಮೇಲೆ ಮೈ ಸುಮ್ಮನಾದರೂ ಮೆದುಳಲ್ಲಿ ಫಿಟ್ಸ್ ನಡೀತಾನೇ ಇರಬಹುದು, ಅದೇ ಭಯ. ಇಇಜಿ ಇರೋ ಊರಿಗೆ ಮೂರು ಗಂಟೆ ದಾರಿ. ಇರೋ ಒಂದು ವೆಂಟಿಲೇಟರೂ ಖಾಲಿ ಇಲ್ಲ.

ಕೇಳೋದಿಷ್ಟೇ: ಇದನ್ನು ಫಿಟ್ಸ್ ಅಂತಲೇ ಹಿಡಿದು, ಕಳಿಸೋ ಮುಂಚೆ ಎರಡನೇ ಔಷಧ ಕೊಡಬೇಕಾ? ಕೊಡೋದಾದ್ರೆ, ಹೃದಯ ಬಡಿತ ನಿಮಿಷಕ್ಕೆ 96 ಮಾತ್ರ ಇರುವ ಈ ಕೂಸಿಗೆ ಫೆನಿಟಾಯಿನ್ ಕೆ.ಜಿ.ಗೆ 20 ಮಿ.ಗ್ರಾಂ. ಸುರಕ್ಷಿತವಾ, ಲೆವೆಟಿರಾಸಿಟಮ್ 40 ವಾಸಿಯಾ?